ಪ್ರತ್ಯುದಾಹರಣೆಯ ಸ್ಥಾನ: ಭಾಷಾ ತಂತ್ರಾಂಶ ಪರೀಕ್ಷೆಯ ಸ್ವಯಂಚಾಲನೆಯಲ್ಲಿ ಮಾರ್ಗದ ಆಯ್ಕೆ, 1961–2020

ವ್ಯಾಕರಣದ ನಿಯಮಗಳನ್ನು ಕಂಪ್ಯೂಟರಿಗೆ ಒಪ್ಪಿಸಿದವರೆಲ್ಲರೂ ಬೇಗನೆ ಎದುರಿಸುವ ಪ್ರಶ್ನೆಯೊಂದಿದೆ. ಇಂದು ಒಂದು ನಿಯಮವನ್ನು ತಿದ್ದಿದ್ದೇವೆ. ನಿನ್ನೆಯವರೆಗೆ ಸರಿಯಾಗಿ ಬರುತ್ತಿದ್ದ ರೂಪಗಳಲ್ಲಿ ಯಾವುದಾದರೂ ಈ ತಿದ್ದುಪಡಿಯಿಂದ ಕೆಟ್ಟಿದೆಯೇ? ನಿಯಮಗಳು ಹತ್ತಿಪ್ಪತ್ತು ಇರುವಾಗ ವ್ಯಾಕರಣಕಾರನೇ ಕೂತು ನೋಡಬಹುದು. ನೂರಾರು ನಿಯಮಗಳು ಒಂದರ ಫಲವನ್ನು ಇನ್ನೊಂದು ಬಳಸಿಕೊಳ್ಳುವ ಸ್ಥಿತಿ ಬಂದಾಗ ಆ ನೋಟವನ್ನೂ ಯಂತ್ರಕ್ಕೆ ವಹಿಸಬೇಕಾಗುತ್ತದೆ. ತಂತ್ರಾಂಶ ಉದ್ಯಮದಲ್ಲಿ ಪರೀಕ್ಷೆಯ ಸ್ವಯಂಚಾಲನೆಗೆ ಮಾರ್ಗವನ್ನು ಆರಿಸುವ ಚರ್ಚೆ ಸಾಮಾನ್ಯವಾಗಿ ಉಪಕರಣದ ಬೆಲೆ, ಪ್ರೋಗ್ರಾಮಿಂಗ್ ಭಾಷೆ, ಸಿಬ್ಬಂದಿಯ ಪರಿಣತಿ ಇವುಗಳ ಸುತ್ತ ನಡೆಯುತ್ತದೆ. ಭಾಷೆಯನ್ನೇ ವಸ್ತುವಾಗಿ ಉಳ್ಳ ತಂತ್ರಾಂಶದಲ್ಲಿ ಇವೆಲ್ಲ ಎರಡನೆಯ ಮಾತು. ಪರೀಕ್ಷೆಗೆ ಒಡ್ಡುವ ವಾಕ್ಯಗಳು ಎಲ್ಲಿಂದ ಬರಬೇಕು, ಅವುಗಳಲ್ಲಿ ಯಾವುದು ಸರಿ ಎಂದು ಹೇಳುವವರು ಯಾರು ಎಂಬುದೇ ಇಲ್ಲಿ ಮೊದಲ ಮಾತು.

ಈ ಲೇಖನದಲ್ಲಿ ನಾವು ಆ ಎರಡು ಪ್ರಶ್ನೆಗಳನ್ನು ಸುಮಾರು ಅರವತ್ತು ವರ್ಷಗಳ ಚರಿತ್ರೆಯಲ್ಲಿ ಹಿಂಬಾಲಿಸಿದ್ದೇವೆ. ಚರಿತ್ರೆಗಾಗಿ ಮಾತ್ರ ಚರಿತ್ರೆಯನ್ನು ಹೇಳುವುದು ನಮ್ಮ ಉದ್ದೇಶವಲ್ಲ. ಕನ್ನಡದ ರೂಪವಿಶ್ಲೇಷಕಗಳನ್ನು ಕಟ್ಟುವ ಸಂಶೋಧಕರು ಇಂದು ಬಹುತೇಕ ಒಂದೇ ಮಾರ್ಗವನ್ನು ಸಹಜವೆಂದು ಒಪ್ಪಿಕೊಂಡಿದ್ದಾರೆ: ಪಠ್ಯಕೋಶದಿಂದ ಒಂದಷ್ಟು ಪದಗಳನ್ನು ತೆಗೆದು, ಶೇಕಡಾ ಎಷ್ಟಕ್ಕೆ ಸರಿಯಾದ ವಿಶ್ಲೇಷಣೆ ದೊರೆಯಿತು ಎಂದು ವರದಿ ಮಾಡುವುದು. ಈ ಮಾರ್ಗವು ವ್ಯಾಕರಣದ ಎರಡು ದೋಷಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ ಎಂಬುದು ನಮ್ಮ ವಾದ. ಆ ಎರಡು ದೋಷಗಳಿಗೆ ನ್ಯಾಯಶಾಸ್ತ್ರ ಕೊಟ್ಟ ಹೆಸರುಗಳೇ ಸಾಕು. ಇರಬೇಕಾದುದನ್ನು ನಿಯಮ ಮುಟ್ಟದಿದ್ದರೆ ಅವ್ಯಾಪ್ತಿ. ಇರಬಾರದುದನ್ನೂ ಮುಟ್ಟಿದರೆ ಅತಿವ್ಯಾಪ್ತಿ. ಪಠ್ಯಕೋಶ ಅವ್ಯಾಪ್ತಿಯನ್ನು ತೋರಿಸುತ್ತದೆ. ಅತಿವ್ಯಾಪ್ತಿಯ ವಿಷಯದಲ್ಲಿ ಅದು ಹೆಚ್ಚುಕಡಿಮೆ ಮೌನವಾಗಿರುತ್ತದೆ.

ಯಂತ್ರವೇ ಹುಟ್ಟಿಸಿದ ವಾಕ್ಯಗಳು

ಪರೀಕ್ಷೆಯ ವಾಕ್ಯಗಳನ್ನು ಯಂತ್ರದಿಂದಲೇ ಹುಟ್ಟಿಸುವ ಆಲೋಚನೆಯ ಆರಂಭದ ಹಂತದಲ್ಲಿ ನಮಗೆ ಕಾಣುವವರು ಉದ್ಯಮದ ಪರೀಕ್ಷಕರಲ್ಲ, ಭಾಷಾವಿಜ್ಞಾನಿಗಳು. ಎಂಐಟಿಯಲ್ಲಿ ಯಂತ್ರಾನುವಾದದ ಮೇಲೆ ಕೆಲಸ ಮಾಡುತ್ತಿದ್ದ ವಿಕ್ಟರ್ ಇಂಗ್ವೆ, ಅಕ್ಷರಸರಣಿಗಳನ್ನು ನಿರ್ವಹಿಸಲೆಂದೇ ರೂಪಿಸಿದ ಕಾಮಿಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸಿ ಇಂಗ್ಲಿಷಿನ ಒಂದು ಸಣ್ಣ ವ್ಯಾಕರಣವನ್ನು ಬರೆದರು. ಲೋಯಿಸ್ ಲೆನ್ಸ್ಕಿ ಅವರ ಮಕ್ಕಳ ಪುಸ್ತಕವೊಂದರ ಮೊದಲ ಹತ್ತು ವಾಕ್ಯಗಳು ಅದರ ಆಧಾರ. 1961ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿ ನಡೆದ ಯಂತ್ರಾನುವಾದ ಸಮ್ಮೇಳನದಲ್ಲಿ ಅವರು ಮಂಡಿಸಿದ್ದು ಆ ವ್ಯಾಕರಣ ಯಾದೃಚ್ಛಿಕವಾಗಿ ಹುಟ್ಟಿಸಿದ ವಾಕ್ಯಗಳನ್ನು. ರೈಲು, ಎಂಜಿನ್, ಚಕ್ರಗಳು ಇವೆಲ್ಲ ಅರ್ಥದ ಹಂಗಿಲ್ಲದೆ ಒಂದರೊಡನೊಂದು ಸೇರಿಕೊಂಡ ಆ ವಾಕ್ಯಗಳನ್ನು ಓದಿದವರು ನಕ್ಕಿರಬಹುದು. ಆದರೆ ಅವುಗಳ ಪ್ರಯೋಜನ ಗಂಭೀರವಾದುದು. ಹತ್ತು ವಾಕ್ಯಗಳನ್ನು ವಿವರಿಸಲು ಬರೆದ ನಿಯಮಗಳು ಹನ್ನೊಂದನೆಯ ವಾಕ್ಯವಾಗಿ ಏನನ್ನು ಒಪ್ಪುತ್ತವೆ ಎಂಬುದನ್ನು ಬರೆದವನೇ ಅರಿತಿರುವುದಿಲ್ಲ. ವ್ಯಾಕರಣವನ್ನು ಸುಮ್ಮನೆ ಓಡಲು ಬಿಟ್ಟಾಗ ಅದು ತನ್ನ ಅತಿವ್ಯಾಪ್ತಿಯನ್ನು ತಾನೇ ಹೊರಹಾಕುತ್ತದೆ.

ಪರಿವರ್ತನ ವ್ಯಾಕರಣದ ಕಾಲದಲ್ಲಿ ಈ ಅಗತ್ಯ ಇನ್ನೂ ತೀವ್ರವಾಯಿತು. ಪರಿವರ್ತನೆಗಳನ್ನು ಒಂದರ ಮೇಲೊಂದು ಅನ್ವಯಿಸುವ ಕ್ರಮದಲ್ಲಿ ಮೂರನೆಯ ನಿಯಮದ ಬದಲಾವಣೆ ಹದಿನೇಳನೆಯ ನಿಯಮದ ಫಲವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಕಾಗದದ ಮೇಲೆ ಕಾಣುವುದು ಅಸಾಧ್ಯವಾಗಿತ್ತು. ಜಾಯ್ಸ್ ಫ್ರೀಡ್ಮನ್ ಅವರು ವ್ಯಾಕರಣವನ್ನು ಪರೀಕ್ಷಿಸುವುದಕ್ಕೆಂದೇ ಒಂದು ವ್ಯವಸ್ಥೆಯನ್ನು ಕಟ್ಟಿದರು. 1969ರ ಲೇಖನವೊಂದರಲ್ಲಿಯೂ 1971ರ ಗ್ರಂಥದಲ್ಲಿಯೂ ಅದರ ವಿವರಗಳಿವೆ. ಇಂಗ್ವೆ ಅವರ ವಿಧಾನಕ್ಕೆ ಅವರು ಸೇರಿಸಿದ ಮುಖ್ಯಾಂಶವೆಂದರೆ ದಿಕ್ಕು. ಭಾಷಾವಿಜ್ಞಾನಿ ತನಗೆ ಯಾವ ರಚನೆಯಲ್ಲಿ ಸಂಶಯವಿದೆಯೋ ಆ ರಚನೆಯನ್ನು ಒಳಗೊಳ್ಳುವ ವಾಕ್ಯಗಳನ್ನೇ ಕೇಳಬಹುದು. ಉಳಿದುದನ್ನು ಯಂತ್ರ ಯಾದೃಚ್ಛಿಕವಾಗಿ ತುಂಬುತ್ತದೆ. ಪೂರ್ತಿ ಯಾದೃಚ್ಛಿಕತೆಗೂ ಪೂರ್ತಿ ಕೈಬರಹಕ್ಕೂ ನಡುವಿನ ಈ ಹಾದಿಯನ್ನು ಮುಂದಿನ ದಶಕಗಳು ಮತ್ತೆ ಮತ್ತೆ ಹೊಸದಾಗಿ ಕಂಡುಹಿಡಿದಿವೆ ಎಂಬುದು ನಮ್ಮ ಗಮನಕ್ಕೆ ಬಂದ ಸ್ವಾರಸ್ಯಗಳಲ್ಲೊಂದು.

ಇಷ್ಟು ಹೊತ್ತಿಗೆ ಸಂದರ್ಭಮುಕ್ತ ವ್ಯಾಕರಣವು ಆಲ್ಗಾಲ್ 60ರ ವರದಿಯ ಮೂಲಕ ಪ್ರೋಗ್ರಾಮಿಂಗ್ ಭಾಷೆಗಳ ಸಾಮಾನ್ಯ ಸೊತ್ತಾಗಿತ್ತು. ಹಾಗಾಗಿ ವ್ಯಾಕರಣದಿಂದ ಪರೀಕ್ಷಾವಾಕ್ಯ ಹುಟ್ಟಿಸುವ ವಿದ್ಯೆ ಕಂಪೈಲರುಗಳ ಕಡೆಗೆ ಹೊರಳಿದ್ದು ಸಹಜವೇ. 1970ರಲ್ಲಿ ಐಬಿಎಂನ ಹ್ಯಾನ್‌ಫರ್ಡ್, ಪಿಎಲ್/ಒನ್ ಭಾಷೆಯ ಪ್ರೋಗ್ರಾಮುಗಳನ್ನು ತಾನಾಗಿಯೇ ಬರೆಯುವ ಯಂತ್ರವೊಂದನ್ನು ವಿವರಿಸಿದರು. 1972ರಲ್ಲಿ ಪರ್ಡಮ್ ಅದಕ್ಕೊಂದು ಮಿತವ್ಯಯದ ನಿಯಮ ಹಾಕಿದರು: ವ್ಯಾಕರಣದ ಪ್ರತಿ ನಿಯಮವೂ ಒಮ್ಮೆಯಾದರೂ ಬಳಕೆಯಾಗುವಂತೆ, ಆದಷ್ಟು ಕಡಿಮೆ ಸಂಖ್ಯೆಯ ಚಿಕ್ಕ ವಾಕ್ಯಗಳನ್ನು ಹುಟ್ಟಿಸಬೇಕು. ಈ ವಲಸೆಯಲ್ಲಿ ಒಂದು ತಿರುವು ನಡೆಯಿತು. ಇಂಗ್ವೆ, ಫ್ರೀಡ್ಮನ್ ಇವರ ಕೆಲಸದಲ್ಲಿ ಸಂಶಯಕ್ಕೆ ಒಳಗಾದದ್ದು ವ್ಯಾಕರಣ. ನಿರ್ಣಯ ಹೇಳುವವನು ಭಾಷಿಕ. ಕಂಪೈಲರಿನ ಪರೀಕ್ಷೆಯಲ್ಲಾದರೋ ವ್ಯಾಕರಣವೇ ಶಾಸನ. ಸಂಶಯಕ್ಕೆ ಒಳಗಾದದ್ದು ಅದನ್ನು ಜಾರಿಗೆ ತರುವ ಪ್ರೋಗ್ರಾಮು. ಭಾಷೆಯೇ ಒಂದು ದಾಖಲೆಯಲ್ಲಿ ಹುಟ್ಟಿದ್ದರೆ ಈ ನಿಲುವು ಸರಿ. ಕನ್ನಡ ಯಾವ ದಾಖಲೆಯಲ್ಲೂ ಹುಟ್ಟಿದ್ದಲ್ಲ.

ಪರೀಕ್ಷೆಯ ಫಲ ಸರಿಯೇ ತಪ್ಪೇ ಎಂದು ತೀರ್ಮಾನಿಸುವ ಆಧಾರಕ್ಕೆ ತಂತ್ರಾಂಶದ ಬರಹಗಳಲ್ಲಿ ಟೆಸ್ಟ್ ಆರಕಲ್ ಎಂಬ ಹೆಸರಿದೆ. ವಿಲಿಯಂ ಹೌಡನ್ 1978ರಲ್ಲಿ ಈ ಪದವನ್ನು ಬಳಕೆಗೆ ತಂದರು. ಅಂಥ ಆಧಾರವೇ ಇಲ್ಲದ ಪ್ರೋಗ್ರಾಮುಗಳ ಕುರಿತು ಎಲೇನ್ ವೆಯುಕರ್ 1982ರಲ್ಲಿ ಬರೆದರು. ನಾವು ಇದನ್ನು ಒರೆಗಲ್ಲು ಎಂದು ಕರೆಯೋಣ. ಚಿನ್ನದ ತುಂಡುಗಳನ್ನು ಯಂತ್ರ ಎಷ್ಟು ಬೇಕಾದರೂ ತಂದು ಸುರಿಯಬಹುದು, ಒರೆಗಲ್ಲು ಬೇರೆಯೇ ಇರಬೇಕಾಗುತ್ತದೆ.

ಕೈಯಿಂದ ಕಟ್ಟಿದ ವಾಕ್ಯಗಳು

1980ರ ದಶಕದಲ್ಲಿ ಒರೆಗಲ್ಲನ್ನು ವಾಕ್ಯದ ಜೊತೆಯಲ್ಲೇ ಬರೆದಿಡುವ ಮಾರ್ಗ ರೂಪುಗೊಂಡಿತು. ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದಲ್ಲಿ ಇಂಗ್ಲಿಷ್ ವ್ಯಾಕರಣವೊಂದನ್ನು ಕಟ್ಟುತ್ತಿದ್ದ ಡ್ಯಾನ್ ಫ್ಲಿಕಿಂಗರ್, ಜಾನ್ ನೆರ್ಬೋನ್, ಐವನ್ ಸಾಗ್, ಥಾಮಸ್ ವಾಸೋ ಇವರು 1987ರಲ್ಲಿ ಸಾವಿರಕ್ಕೂ ಮೇಲ್ಪಟ್ಟ ವಾಕ್ಯಗಳ ಒಂದು ಸಂಚಯವನ್ನು ಹೊರತಂದರು. ವಾಕ್ಯರಚನೆಯ ಒಂದೊಂದು ವಿದ್ಯಮಾನಕ್ಕೂ ಒಂದೊಂದು ಗುಂಪು. ಪ್ರತಿ ಗುಂಪಿನಲ್ಲಿಯೂ ಸರಿವಾಕ್ಯಗಳ ಜೊತೆಗೆ ನಕ್ಷತ್ರ ಚಿಹ್ನೆಯ ತಪ್ಪುವಾಕ್ಯಗಳು. ಭಾಷಾವಿಜ್ಞಾನದ ಲೇಖನಗಳಲ್ಲಿ ಉದಾಹರಣೆ ಕೊಡುವ ಪದ್ಧತಿಯೇ ಇಲ್ಲಿ ಪರೀಕ್ಷಾ ಸಾಧನವಾಯಿತು ಎನ್ನಬಹುದು. ತಪ್ಪುವಾಕ್ಯವನ್ನು ಪಾರ್ಸರ್ ಒಪ್ಪಿಕೊಂಡರೆ ಪರೀಕ್ಷೆ ಬಿದ್ದಂತೆ.

ಯುರೋಪಿನ ಟಿಎಸ್‌ಎನ್‌ಎಲ್‌ಪಿ ಯೋಜನೆ ಇದನ್ನು ಇನ್ನಷ್ಟು ಶಿಸ್ತಿಗೆ ಒಳಪಡಿಸಿತು. ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರಕ್ಕೂ ಸಾವಿರಾರು ಪರೀಕ್ಷಾವಾಕ್ಯಗಳು ಸಿದ್ಧವಾದವು. ಅದರ ಫಲಿತಗಳನ್ನು 1996ರ ಕೋಲಿಂಗ್ ಸಮ್ಮೇಳನದಲ್ಲಿ ಮಂಡಿಸಲಾಯಿತು. ಶಬ್ದಸಂಪತ್ತು ಬೇಕೆಂದೇ ಸಣ್ಣದು, ಏಕೆಂದರೆ ಪರೀಕ್ಷೆ ಬಿದ್ದಾಗ ನಿಘಂಟಿನ ಕೊರತೆಯೇ ಕಾರಣವೋ ನಿಯಮವೇ ಕಾರಣವೋ ಎಂಬ ಗೊಂದಲ ಉಳಿಯಬಾರದು. ಒಂದು ವಾಕ್ಯದಲ್ಲಿ ಆದಷ್ಟು ಒಂದೇ ವಿದ್ಯಮಾನ. ತಪ್ಪುವಾಕ್ಯಗಳೂ ಮನಸ್ಸಿಗೆ ತೋಚಿದಂತೆ ಬರೆದವಲ್ಲ. ಸರಿವಾಕ್ಯದ ಒಂದು ಅಂಶವನ್ನು ಮಾತ್ರ ಕದಲಿಸಿ ಪಡೆದವು. ಈ ಕೊನೆಯ ಕ್ರಮಕ್ಕೆ ನಾವು ಮುಂದೆ ಮರಳುತ್ತೇವೆ.

ಇದೇ ಕಾಲಕ್ಕೆ ಉದ್ಯಮದ ಪ್ರೋಗ್ರಾಮರುಗಳು ಕೆಂಟ್ ಬೆಕ್ ಅವರ ಸ್ಮಾಲ್‌ಟಾಕ್ ಪರೀಕ್ಷಾ ಚೌಕಟ್ಟನ್ನೂ ಬಳಿಕ ಅದೇ ಮಾದರಿಯಲ್ಲಿ ಬಂದ ಜೆಯೂನಿಟ್ಟನ್ನೂ ಬಳಸತೊಡಗಿದ್ದರು. ಪ್ರತಿ ಪರೀಕ್ಷೆಯಲ್ಲೂ ನಿರೀಕ್ಷಿತ ಫಲವನ್ನು ಮನುಷ್ಯನೇ ಬರೆದಿಡುವುದು ಅಲ್ಲಿಯ ಕ್ರಮ. ವ್ಯಾಕರಣ ಕಟ್ಟುವವರ ಕ್ರಮ ಸ್ವಲ್ಪ ಬೇರೆಯಾಯಿತು. ಸ್ಟೆಫಾನ್ ಓಪನ್ ಮತ್ತು ಫ್ಲಿಕಿಂಗರ್ 1998ರಲ್ಲಿ ವಿವರಿಸಿದ ವ್ಯವಸ್ಥೆಯಲ್ಲಿ ವ್ಯಾಕರಣ ಬದಲಾದಾಗಲೆಲ್ಲ ಇಡೀ ವಾಕ್ಯಸಂಚಯವನ್ನು ಓಡಿಸಿ, ಪ್ರತಿ ವಾಕ್ಯಕ್ಕೂ ಎಷ್ಟು ವಿಶ್ಲೇಷಣೆಗಳು ಬಂದವು, ಎಷ್ಟು ಸಮಯ ಹಿಡಿಯಿತು ಎಂಬುದನ್ನೆಲ್ಲ ದಾಖಲಿಸಿ, ಹಿಂದಿನ ಓಟದೊಂದಿಗೆ ಹೋಲಿಸಲಾಗುತ್ತಿತ್ತು. ನಿನ್ನೆ ಮೂರು ವಿಶ್ಲೇಷಣೆ ಪಡೆದ ವಾಕ್ಯ ಇಂದು ಮುನ್ನೂರು ಪಡೆದರೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಇಲ್ಲಿ ಒರೆಗಲ್ಲು ಎಂದರೆ ನಿನ್ನೆಯ ಫಲ. ಬಹಳ ಅಗ್ಗ, ಬಹಳ ಉಪಯುಕ್ತ. ಆದರೆ ನಿನ್ನೆ ತಪ್ಪಾಗಿದ್ದುದು ಇಂದೂ ತಪ್ಪಾಗಿಯೇ ಇದ್ದರೆ ಯಂತ್ರ ಅದನ್ನು ಬದಲಾವಣೆಯಿಲ್ಲ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದ್ದು ಅದೇ ಪರಂಪರೆಯ ರೆಡ್‌ವುಡ್ಸ್ ವೃಕ್ಷಕೋಶ. ಹಲವು ವಿಶ್ಲೇಷಣೆಗಳ ನಡುವೆ ಭಾಷಾವಿಜ್ಞಾನಿ ಮಾಡಿದ ಸಣ್ಣ ಸಣ್ಣ ಆಯ್ಕೆಗಳನ್ನು ಅದು ಉಳಿಸಿಟ್ಟುಕೊಂಡು, ವ್ಯಾಕರಣ ಬದಲಾದ ಮೇಲೆ ಅವೇ ಆಯ್ಕೆಗಳನ್ನು ಮತ್ತೆ ಅನ್ವಯಿಸುತ್ತದೆ. ಫಲವನ್ನು ಉಳಿಸಿಡುವುದಕ್ಕೂ ನಿರ್ಣಯವನ್ನು ಉಳಿಸಿಡುವುದಕ್ಕೂ ಇರುವ ಈ ಅಂತರ ಸ್ವಯಂಚಾಲನೆಯ ಚರಿತ್ರೆಯಲ್ಲಿ ದೊರೆಯಬೇಕಾದಷ್ಟು ಗಮನವನ್ನು ಪಡೆದಿಲ್ಲವೆಂದು ನಮ್ಮ ಭಾವನೆ.

ಪಠ್ಯಕೋಶದ ಕಾಲ

ಆದರೂ 1990ರ ದಶಕದಿಂದ ಗಾಳಿ ಬೇರೆ ಕಡೆಗೆ ಬೀಸಿತು. 1991ರ ಪಾರ್ಸ್‌ಇವಾಲ್ ಮಾನದಂಡ, 1993ರ ಪೆನ್ ವೃಕ್ಷಕೋಶ, ಅನುವಾದಕ್ಕೆ ಐಬಿಎಂ ತಂಡ 2002ರಲ್ಲಿ ಸೂಚಿಸಿದ ಬ್ಲೂ ಅಂಕ, ಇವೆಲ್ಲ ಸಹಜ ಪಠ್ಯವನ್ನು ಒರೆಗಲ್ಲಾಗಿಸಿದವು. ಇದಕ್ಕೆ ಒಳ್ಳೆಯ ಕಾರಣಗಳಿದ್ದವು. ಕೈಯಿಂದ ಕಟ್ಟಿದ ಸಾವಿರ ವಾಕ್ಯಗಳನ್ನು ದಾಟಿದ ಪಾರ್ಸರ್ ಪತ್ರಿಕೆಯ ಮೊದಲ ಪುಟದಲ್ಲಿ ಮುಗ್ಗರಿಸುವುದು ಅಪರೂಪವೇನಾಗಿರಲಿಲ್ಲ. ಒಂದೇ ಸಂಖ್ಯೆಯಿಂದ ಎರಡು ವ್ಯವಸ್ಥೆಗಳನ್ನು ಹೋಲಿಸಬಹುದೆಂಬ ಅನುಕೂಲವೂ ಇತ್ತು. 1966ರ ಆಲ್ಪಾಕ್ ವರದಿಗಾಗಿ ಅನುವಾದಗಳ ಸುಬೋಧತೆ, ನಿಷ್ಠೆಗಳನ್ನು ಮನುಷ್ಯರಿಂದಲೇ ಅಳೆಸಬೇಕಾಗಿದ್ದುದನ್ನು ನೆನೆದರೆ, ಆ ದುಬಾರಿ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡುವ ಅಂಕದ ಆಕರ್ಷಣೆ ಅರ್ಥವಾಗುತ್ತದೆ.

ಕಳೆದುಹೋದದ್ದು ನಕ್ಷತ್ರ ಚಿಹ್ನೆ. ಪಠ್ಯಕೋಶದಲ್ಲಿ ಜನ ಬರೆದದ್ದು ಇರುತ್ತದೆ, ಬರೆಯದೆ ಬಿಟ್ಟದ್ದು ಇರುವುದಿಲ್ಲ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಕೇಂದ್ರ ಸರ್ಕಾರದ ಟಿಡಿಐಎಲ್ ಕಾರ್ಯಕ್ರಮದಡಿ 1990ರ ದಶಕದಲ್ಲಿ ಆರಂಭವಾಗಿ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಎಲ್‌ಡಿಸಿ-ಐಎಲ್ ಮೂಲಕ ಮುಂದುವರಿದ ಪಠ್ಯಕೋಶ ನಿರ್ಮಾಣದ ಋಣ ನಮ್ಮೆಲ್ಲರ ಮೇಲಿದೆ. ಅದಕ್ಕೂ ಹಿಂದೆ ಕನ್ನಡ ವ್ಯಾಕರಣ ಪರಂಪರೆಗೆ ಪಠ್ಯಾಧಾರ ಹೊಸದೇನಲ್ಲ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರದ ಬೆನ್ನಿಗೆ ವೃತ್ತಿ, ವೃತ್ತಿಯ ಬೆನ್ನಿಗೆ ಪ್ರಯೋಗ. ಅಸಗ, ಪೊನ್ನ, ಪಂಪ ಮೊದಲಾದ ಕವಿಗಳ ಮಾರ್ಗವೇ ತನಗೆ ಲಕ್ಷ್ಯವೆಂದು ಅವನು ಹೇಳಿಕೊಳ್ಳುತ್ತಾನೆ. ಲಕ್ಷ್ಯದಿಂದ ಲಕ್ಷಣವನ್ನು ಒರೆಗೆ ಹಚ್ಚುವ ಈ ಕ್ರಮ ಪಠ್ಯಕೋಶ ಪರೀಕ್ಷೆಯ ಪೂರ್ವರೂಪವೆಂದರೆ ಅತಿಶಯವಾಗದು.

ಪಠ್ಯಕೋಶದ ಅಂಕ ಎಲ್ಲ ಉದ್ದೇಶಗಳಿಗೂ ಹೊಂದುವುದಿಲ್ಲ ಎಂಬುದಕ್ಕೆ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ ನಿದರ್ಶನವೊಂದಿದೆ. ಐಐಟಿ ಕಾನ್ಪುರದಲ್ಲಿ ಅಕ್ಷರ ಭಾರತಿ ಎಂಬ ಬಳಗದ ಹೆಸರಿನಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಸಂಗಡಿಗರು ರೂಪಿಸಿದ ಅನುಸಾರಕ ವ್ಯವಸ್ಥೆಗಳಲ್ಲಿ ಕನ್ನಡದಿಂದ ಹಿಂದಿಗೆ ಕೊಂಡೊಯ್ಯುವುದೂ ಒಂದು. ನಿರರ್ಗಳವಾದ ಹಿಂದಿ ಅದರ ಗುರಿಯಾಗಿರಲಿಲ್ಲ. ಮೂಲದ ಮಾಹಿತಿ ಸೋರಿಹೋಗದಂತೆ, ಹಿಂದಿ ಓದುಗ ಸ್ವಲ್ಪ ಅಭ್ಯಾಸದಿಂದ ಅರ್ಥಮಾಡಿಕೊಳ್ಳಬಲ್ಲ, ಕನ್ನಡದ ಜಾಡು ಉಳಿದ ಹಿಂದಿಯನ್ನು ಕೊಡುವುದು ಗುರಿಯಾಗಿತ್ತು. ಅಂಥ ಫಲವನ್ನು ಒಬ್ಬ ನುರಿತ ಅನುವಾದಕನ ಹಿಂದಿಯೊಂದಿಗೆ ಪದಸರಣಿಯ ಲೆಕ್ಕದಲ್ಲಿ ಹೋಲಿಸಿದರೆ, ವ್ಯವಸ್ಥೆ ತನ್ನ ಉದ್ದೇಶವನ್ನು ಸಾಧಿಸಿದಷ್ಟೂ ಅದರ ಅಂಕ ಕುಸಿಯುತ್ತದೆ.

2020ರಲ್ಲಿ ಗಾಳಿ ಸ್ವಲ್ಪ ತಿರುಗಿದಂತೆ ಕಾಣುತ್ತದೆ. ಆ ವರ್ಷ ಪ್ರಕಟವಾದ ಬ್ಲಿಂಪ್ ಸಂಚಯದಲ್ಲಿ 67 ಗುಂಪುಗಳಿವೆ. ಪ್ರತಿಯೊಂದರಲ್ಲಿ ಸಾವಿರ ಜೋಡಿಗಳು, ಪ್ರತಿ ಜೋಡಿಯಲ್ಲಿ ಒಂದು ಸರಿವಾಕ್ಯ, ಒಂದೇ ಅಂಶದಲ್ಲಿ ಅದರಿಂದ ಭಿನ್ನವಾದ ಒಂದು ತಪ್ಪುವಾಕ್ಯ. ಭಾಷಾವಿಜ್ಞಾನಿಗಳು ಬರೆದ ಅಚ್ಚುಗಳಿಂದ ಯಂತ್ರ ಇವನ್ನು ಹುಟ್ಟಿಸಿತು. ಸರಿಯೋ ತಪ್ಪೋ ಎಂಬುದನ್ನು ಮನುಷ್ಯರಿಂದ ತಾಳೆ ನೋಡಲಾಯಿತು. ಅದೇ ವರ್ಷ ಮಾರ್ಕೊ ಟುಲಿಯೊ ರಿಬೆರೊ ಮತ್ತು ಸಂಗಡಿಗರ ಚೆಕ್‌ಲಿಸ್ಟ್ ಲೇಖನವು ತಂತ್ರಾಂಶ ಪರೀಕ್ಷಣದ ಪರಿಭಾಷೆಯಲ್ಲೇ ಮಾತನಾಡಿತು: ಪಠ್ಯಕೋಶದ ಮೇಲೆ ಒಳ್ಳೆಯ ಅಂಕ ಪಡೆದ ಮಾದರಿಗಳು ನಿಷೇಧಾರ್ಥಕದಂಥ ಸರಳ ವಿದ್ಯಮಾನಗಳಲ್ಲಿ ಬೀಳುತ್ತವೆ ಎಂದು ತೋರಿಸಿತು. ಫ್ರೀಡ್ಮನ್ ಅವರ ದಿಕ್ಕುಳ್ಳ ಯಾದೃಚ್ಛಿಕತೆಯೂ ಟಿಎಸ್‌ಎನ್‌ಎಲ್‌ಪಿಯ ಒಂದಂಶದ ಕದಲಿಕೆಯೂ ಇಲ್ಲಿ ಕೂಡಿಕೊಂಡಿವೆ.

ಒಂದು ವಿಭಕ್ತಿ ನಿಯಮ

ಮಾರ್ಗಗಳ ಭೇದವನ್ನು ಕನ್ನಡದ ಒಂದು ಸರಳ ನಿಯಮದ ಮೇಲೆ ನೋಡಬಹುದು. ಅಕಾರಾಂತವಾದ ನಪುಂಸಕ ನಾಮಪದದ ಏಕವಚನದಲ್ಲಿ ಚತುರ್ಥಿಗೆ 'ಕ್ಕೆ' ಬರುತ್ತದೆ: ಮರಕ್ಕೆ, ಕೆಲಸಕ್ಕೆ. ಇದರ ನೆರೆಯಲ್ಲಿ ಅಣ್ಣನಿಗೆ, ಅಕ್ಕನಿಗೆ, ಮನೆಗೆ, ಕಾಡಿಗೆ, ಮಗುವಿಗೆ ಎಂಬ ರೂಪಗಳಿವೆ. ಅಕಾರಾಂತವಲ್ಲದಿದ್ದರೂ 'ಕ್ಕೆ' ಪಡೆಯುವ ಅದಕ್ಕೆ, ಒಂದಕ್ಕೆ, ಹತ್ತಕ್ಕೆ ಎಂಬವೂ ಇವೆ. ನಿಯಮ ಬರೆಯುವಾಗ ನಪುಂಸಕ ಎಂಬ ಷರತ್ತು ಬಿಟ್ಟುಹೋಯಿತು ಎಂದುಕೊಳ್ಳೋಣ. ಆಗ ವಿಶ್ಲೇಷಕವು ಅಣ್ಣನಿಗೆ ಎಂಬುದರ ಜೊತೆಗೆ ಅಣ್ಣಕ್ಕೆ ಎಂಬುದನ್ನೂ ಒಪ್ಪುತ್ತದೆ. ಪಠ್ಯಕೋಶದಲ್ಲಿ ಅಣ್ಣಕ್ಕೆ ಎಂಬ ರೂಪವೇ ಇಲ್ಲ. ಆದ್ದರಿಂದ ಅಂಕ ಬದಲಾಗುವುದಿಲ್ಲ. ಬದಲಾದರೂ ಸಾಗರಕ್ಕೆ ಎಂಬಂಥ ಒಂದೆರಡು ಪದಗಳಲ್ಲಿ ಮಾತ್ರ: ಕಡಲು ಅಥವಾ ಊರು ಎಂಬ ಸರಿಯಾದ ವಿಶ್ಲೇಷಣೆಯ ಜೊತೆಗೆ ಸಾಗರ ಎಂಬ ವ್ಯಕ್ತಿನಾಮದ ಚತುರ್ಥಿ ಎಂಬ ಇನ್ನೊಂದು ಸೇರಿಕೊಳ್ಳುತ್ತದೆ. ಸರಿಯಾದುದು ಪಟ್ಟಿಯಲ್ಲಿದ್ದರೆ ಸಾಕು ಎಂದು ಎಣಿಸುವ ಪದ್ಧತಿಯಲ್ಲಿ ಇದೂ ಕಾಣದು. ಅದೇ ವಿಶ್ಲೇಷಕವನ್ನು ಕಾಗುಣಿತ ಪರೀಕ್ಷಕದೊಳಗೆ ಇಟ್ಟ ದಿನ, ಅಣ್ಣಕ್ಕೆ ಎಂದು ಬರೆದ ಕಲಿಕೆಯ ವಿದ್ಯಾರ್ಥಿಗೆ ಅದು ಸರಿಯೆಂದು ಹೇಳುತ್ತದೆ.

ಹಾಗಿದ್ದರೆ ರೂಪಗಳನ್ನೆಲ್ಲ ಹುಟ್ಟಿಸಿ ಓದಿಬಿಡಬಹುದೇ? ಏಳು ವಿಭಕ್ತಿ, ಎರಡು ವಚನ ಸೇರಿ 14 ರೂಪಗಳು. ಪ್ರತಿಯೊಂದಕ್ಕೂ ಊ, ಏ, ಓ, ಆ ಎಂಬ ನಾಲ್ಕರಲ್ಲಿ ಒಂದು ಹತ್ತಬಹುದು, ಹತ್ತದೆಯೂ ಇರಬಹುದು, ಅಲ್ಲಿಗೆ 70. ನಿಘಂಟಿನಲ್ಲಿ 5,000 ನಾಮಪದಗಳಿದ್ದರೆ 3,50,000 ರೂಪಗಳು. ಗಂಟೆಗೆ 500ರಂತೆ ಓದಿದರೂ 700 ಗಂಟೆ ಬೇಕು. ಕ್ರಿಯಾಪದಗಳನ್ನು ನಾವಿನ್ನೂ ಮುಟ್ಟಿಲ್ಲ. ಪದಗಳನ್ನು ಒಂದೊಂದಾಗಿ ಹೇಳಿಕೊಡಹೊರಟ ಬೃಹಸ್ಪತಿ, ಇಂದ್ರನಂಥ ಶಿಷ್ಯನಿಗೆ ಸಾವಿರ ದಿವ್ಯವರ್ಷ ಪಾಠ ಹೇಳಿದರೂ ಕೊನೆಮುಟ್ಟಲಿಲ್ಲ ಎಂಬ ಪತಂಜಲಿಯ ಕಥೆ ಪರೀಕ್ಷಕನಿಗೂ ಅನ್ವಯಿಸುತ್ತದೆ. ಪರ್ಡಮ್ ಸೂಚಿಸಿದಂತೆ ಪ್ರತಿ ನಿಯಮಕ್ಕೂ ಒಂದೊಂದು ರೂಪ ಎಂದರೆ ಪಟ್ಟಿ ಕೆಲವು ನೂರಕ್ಕೆ ಇಳಿಯುತ್ತದೆ. ಆದರೆ ಅಣ್ಣಕ್ಕೆ ಆ ಪಟ್ಟಿಯಲ್ಲಿ ಬರುವ ಖಾತ್ರಿಯಿಲ್ಲ, ಏಕೆಂದರೆ 'ಕ್ಕೆ' ನಿಯಮವನ್ನು ಮರಕ್ಕೆ ಎಂಬುದೇ ಬಳಸಿ ಮುಗಿಸಿರುತ್ತದೆ.

ಗುಣಧರ್ಮವನ್ನು ಹೇಳಿ ಉದಾಹರಣೆಗಳನ್ನು ಯಂತ್ರಕ್ಕೆ ಬಿಡುವ ಮಾರ್ಗವೂ ಇದೆ. ಕೊಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಹ್ಯಾಸ್ಕೆಲ್ ಭಾಷೆಗಾಗಿ 2000ದಲ್ಲಿ ಪ್ರಕಟಿಸಿದ ಕ್ವಿಕ್‌ಚೆಕ್ ಇದಕ್ಕೆ ಪ್ರಸಿದ್ಧ ಮಾದರಿ. ರೂಪವಿಶ್ಲೇಷಣೆಯಲ್ಲಿ ಸಹಜವಾದ ಗುಣಧರ್ಮವೆಂದರೆ ಹೋಗಿಬರುವಿಕೆ: ರೂಪವನ್ನು ವಿಶ್ಲೇಷಿಸಿ, ವಿಶ್ಲೇಷಣೆಯಿಂದ ಮತ್ತೆ ರೂಪವನ್ನು ಹುಟ್ಟಿಸಿದರೆ ಮೊದಲಿನದೇ ಬರಬೇಕು. ಕಾಡು, ಮಗು ಇವುಗಳ ಉಕಾರದ ಭೇದದಲ್ಲಿ ಎಡವಿದ ವ್ಯವಸ್ಥೆಗಳನ್ನು ಇದು ಹಲವು ಸಲ ಹಿಡಿಯುತ್ತದೆ. ಆದರೆ ಕೋಸ್ಕೆನ್ನಿಯೆಮಿ ಅವರ 1983ರ ದ್ವಿಸ್ತರ ಮಾದರಿಯ ಸಂತತಿಯಾದ ಇಂದಿನ ಪರಿಮಿತ ಸ್ಥಿತಿ ವ್ಯವಸ್ಥೆಗಳಲ್ಲಿ ವಿಶ್ಲೇಷಣೆಯೂ ಉತ್ಪಾದನೆಯೂ ಒಂದೇ ಜಾಲದ ಎರಡು ದಿಕ್ಕುಗಳು. ಸೂರ್ಯ ಎಂಬ ಪದಕ್ಕೆ ನಿಘಂಟಿನಲ್ಲಿ ನಪುಂಸಕವೆಂದು ಗುರುತು ಹಾಕಿದ್ದರೆ ಸೂರ್ಯಕ್ಕೆ ಎಂಬುದು ಹೋಗಿ, ಸೂರ್ಯಕ್ಕೆ ಎಂದೇ ಹಿಂತಿರುಗಿ ಬರುತ್ತದೆ. ತಪ್ಪು ತನ್ನೊಡನೆ ತಾನು ಪೂರ್ತಿ ಸುಸಂಗತವಾಗಿರುತ್ತದೆ.

ಉಳಿದಿರುವುದು ಪ್ರತ್ಯುದಾಹರಣೆಯ ಮಾರ್ಗ. ಜಯಾದಿತ್ಯ, ವಾಮನರ ಕಾಶಿಕಾವೃತ್ತಿಯನ್ನು ಓದಿದವರಿಗೆ ಈ ಕ್ರಮ ಪರಿಚಿತ. ಸೂತ್ರದ ಅರ್ಥ, ಉದಾಹರಣೆ ಇವಾದ ಮೇಲೆ ವೃತ್ತಿಕಾರರು ಸೂತ್ರದ ಒಂದೊಂದು ಪದವನ್ನು ಹಿಡಿದು, ಇದು ಇಲ್ಲಿ ಏಕೆ ಎಂದು ಕೇಳುತ್ತಾರೆ. ಆ ಪದವಿಲ್ಲದಿದ್ದರೆ ಬರಬಾರದ ಯಾವ ರೂಪ ಬಂದುಬಿಡುತ್ತಿತ್ತು ಎಂಬುದನ್ನು ತೋರಿಸುವುದು ಉತ್ತರ. ರಿಚರ್ಡ್ ಡಿಮಿಲೊ, ರಿಚರ್ಡ್ ಲಿಪ್ಟನ್, ಫ್ರೆಡ್ ಸೇವರ್ಡ್ 1978ರಲ್ಲಿ ಪ್ರಕಟಿಸಿದ, ಮ್ಯುಟೇಷನ್ ಪರೀಕ್ಷೆ ಎಂದು ಹೆಸರಾದ ವಿಧಾನದ ರಚನೆಯೂ ಹೀಗೆಯೇ. ಪ್ರೋಗ್ರಾಮಿನಲ್ಲಿ ಬೇಕೆಂದೇ ಒಂದು ಸಣ್ಣ ವಿಕಾರ ಮಾಡಿ, ಪರೀಕ್ಷಾಸಂಚಯವನ್ನು ಓಡಿಸಬೇಕು. ಯಾವ ಪರೀಕ್ಷೆಯೂ ಬೀಳದಿದ್ದರೆ ಆ ವಿಕಾರವನ್ನು ಕಾಣಬಲ್ಲ ಕಣ್ಣು ಸಂಚಯಕ್ಕಿಲ್ಲ ಎಂದರ್ಥ.

ಸಾಮ್ಯವನ್ನು ಎಳೆದಾಡಬಾರದು. ವೃತ್ತಿಕಾರನಿಗೆ ಸೂತ್ರ ಸರಿಯೆಂಬುದು ಪೂರ್ವನಿಶ್ಚಿತ. ಅದರ ಪ್ರತಿ ಪದಕ್ಕೂ ಸಮರ್ಥನೆ ಒದಗಿಸುವುದು ಅವನ ಹೊಣೆ. ಲಿಪ್ಟನ್ ಮತ್ತು ಸಂಗಡಿಗರಿಗೆ ಪರೀಕ್ಷಾಸಂಚಯದ ಬಲವನ್ನು ಅಳೆಯುವುದು ಉದ್ದೇಶ. ಒಂದು ಕಡೆ ನಿಯಮಕ್ಕೆ ಉದಾಹರಣೆ ಸಾಕ್ಷಿ, ಇನ್ನೊಂದು ಕಡೆ ಉದಾಹರಣೆಗಳೇ ಕಟಕಟೆಯಲ್ಲಿವೆ. ಹಾಗಿದ್ದೂ ಎರಡರಲ್ಲಿಯೂ ಎದುರಾಗುವ ತೊಡಕು ಒಂದೇ ಎಂಬುದು ಈ ಹೋಲಿಕೆಯನ್ನು ಅಲಂಕಾರಕ್ಕಿಂತ ಹೆಚ್ಚಿನದಾಗಿಸುತ್ತದೆ. ನಮ್ಮ ಚತುರ್ಥಿ ನಿಯಮವನ್ನೇ ನೋಡಿ. ಅಕಾರಾಂತ ಎಂಬುದನ್ನು ಕಿತ್ತರೆ ಮನೆಕ್ಕೆ ಬರುತ್ತದೆ. ನಪುಂಸಕ ಎಂಬುದನ್ನು ಕಿತ್ತರೆ ಅಣ್ಣಕ್ಕೆ. ಏಕವಚನ ಎಂಬುದನ್ನು ಕಿತ್ತರೆ? ಬಹುವಚನದ ಮರಗಳು ಎಂಬ ಅಂಗ ಅಕಾರಾಂತವೇ ಅಲ್ಲ. ಮರಗಳಿಗೆ ಎಂಬುದಕ್ಕೆ ಯಾವ ಬಾಧೆಯೂ ಇಲ್ಲ. ಯಾವ ಪರೀಕ್ಷೆಯೂ ಬೀಳುವುದಿಲ್ಲ, ಬೀಳಿಸುವ ಪರೀಕ್ಷೆಯನ್ನು ಬರೆಯಲೂ ಆಗುವುದಿಲ್ಲ. ತಂತ್ರಾಂಶದವರು ಇದನ್ನು ಸಮಾನ ವಿಕಾರವೆನ್ನುತ್ತಾರೆ. ಅದನ್ನು ಯಂತ್ರದಿಂದ ಸಾಮಾನ್ಯವಾಗಿ ನಿರ್ಣಯಿಸಲು ಸಾಧ್ಯವಿಲ್ಲವೆಂಬುದು ಅವರ ವಿಧಾನದ ಪ್ರಸಿದ್ಧ ಮಿತಿ. ಪಾಣಿನೀಯರು ಹೀಗೆ ವ್ಯರ್ಥವಾಗಿ ತೋರಿದ ಪದ ಬೇರೊಂದು ತತ್ತ್ವಕ್ಕೆ ಜ್ಞಾಪಕವಿರಬಹುದೇ ಎಂದು ವಿಚಾರಿಸುತ್ತಾರೆ, ಇಲ್ಲವೆಂದಾದರೆ ಅದನ್ನು ಪ್ರತ್ಯಾಖ್ಯಾನ ಮಾಡುತ್ತಾರೆ. ನಮ್ಮ ನಿಯಮದಲ್ಲಿ ಏಕವಚನ ಎಂಬುದು ಅನಗತ್ಯವೆಂದು ತಿಳಿದದ್ದು ಪರೀಕ್ಷೆಯಿಂದಲೇ. ವ್ಯಾಕರಣದ ಬಗ್ಗೆ ಇದು ಒಂದು ಸಂಶೋಧನಾ ಫಲ.

ಆದುದರಿಂದ ಕನ್ನಡದ ರೂಪವಿಶ್ಲೇಷಕಕ್ಕೆ ನಾವು ಸೂಚಿಸುವ ಕ್ರಮ ಹೀಗಿದೆ. ಮೊದಲು ನಿಯಮದ ಪ್ರತಿ ಷರತ್ತಿಗೂ ಒಂದು ಉದಾಹರಣೆ, ಒಂದು ಪ್ರತ್ಯುದಾಹರಣೆ ಇರುವ ಸಂಚಯವನ್ನು ಕೈಯಿಂದಲೇ ಬರೆಯಬೇಕು. ನಿಯಮಗಳು ಮುನ್ನೂರಿದ್ದರೆ ಇದು ಒಬ್ಬ ಸಂಶೋಧನಾ ವಿದ್ಯಾರ್ಥಿ ಕೆಲವು ತಿಂಗಳಲ್ಲಿ ಮುಗಿಸಬಹುದಾದ ಕೆಲಸ. ಷರತ್ತುಗಳನ್ನು ಒಂದೊಂದಾಗಿ ಕಿತ್ತು ಸಂಚಯವನ್ನು ಓಡಿಸುವುದನ್ನು ಯಂತ್ರಕ್ಕೆ ಬಿಡಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಯಾವ ಷರತ್ತಿಗೆ ಸಾಕ್ಷಿಯಿಲ್ಲ ಎಂಬ ಪಟ್ಟಿ ಸಿಗುತ್ತದೆ. ಪಠ್ಯಕೋಶದ ಅಂಕ ಇದಾದ ಮೇಲೆ ಬರಲಿ, ಅವ್ಯಾಪ್ತಿಯ ಅಳತೆಯೆಂಬ ಸ್ಪಷ್ಟ ಹೆಸರಿನೊಡನೆ. ಇಂಗ್ಲಿಷಿನ ಚರಿತ್ರೆಯಲ್ಲಿ ಪಠ್ಯಕೋಶವು ಕೈಬರಹದ ಸಂಚಯವನ್ನು ಬದಿಗೆ ಸರಿಸಿತೆಂಬುದು ನಿಜ. ಆದರೆ ಅಲ್ಲಿ ಕೈಬರಹದ ಸಂಚಯ ಮೊದಲೇ ಇತ್ತು, ಬದಿಯಲ್ಲಾದರೂ ಉಳಿಯಿತು. ಕನ್ನಡದಲ್ಲಿ ಆ ಹಂತವನ್ನೇ ಹಾರಿದರೆ ಮರಳಿ ಎಟುಕಿಸಿಕೊಳ್ಳಲು ಏನೂ ಇರುವುದಿಲ್ಲ.

ನಕ್ಷತ್ರವನ್ನು ಯಾರು ಹಾಕುತ್ತಾರೆ

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಪಠ್ಯಕೋಶಕ್ಕೆ ಪಕ್ಷಪಾತವಿದ್ದರೂ ಅದು ಯಾರ ಮಾತನ್ನೂ ತಪ್ಪೆಂದು ಕರೆಯುವುದಿಲ್ಲ. ಪ್ರತ್ಯುದಾಹರಣೆ ಕರೆಯುತ್ತದೆ. ಅಣ್ಣಂಗೆ ಎಂಬ ರೂಪಕ್ಕೆ ನಕ್ಷತ್ರ ಹಾಕಿದರೆ, ಆಡುಮಾತಿನಲ್ಲಿ ಹಾಗೆಯೇ ಹೇಳುವ ಹಲವು ಪ್ರದೇಶಗಳ ಕನ್ನಡಿಗರನ್ನು ಆ ಸಂಚಯ ಹೊರಗಿಡುತ್ತದೆ. ಅದೂ ಅಲ್ಲದೆ ಹಳಗನ್ನಡದ ಅರಸಂಗೆ ಎಂಬುದೂ ಇದೇ ಜಾತಿಯ ರೂಪ. ಕೇಶಿರಾಜನ ಲಕ್ಷ್ಯದಲ್ಲಿ ಸಾಧುವಾದದ್ದು ನಮ್ಮ ಸಂಚಯದಲ್ಲಿ ಅಸಾಧುವಾಗುತ್ತದೆ. ಧಾರವಾಡದ ಕಡೆಯ ಮನಿಗೆ ಎಂಬುದಕ್ಕೂ ಇದೇ ಗತಿ. ಕಾಗುಣಿತ ಪರೀಕ್ಷಕ, ಹುಡುಕಾಟದ ವ್ಯವಸ್ಥೆ, ಧ್ವನಿಯಿಂದ ಬರಹಕ್ಕೆ ಇಳಿಸುವ ವ್ಯವಸ್ಥೆ ಇವೆಲ್ಲ ಇಂಥ ಸಂಚಯಗಳನ್ನು ದಾಟಿ ಹೊರಬರುವ ದಿನ ಬಂದರೆ ಯಾವ ಕನ್ನಡ ಯಂತ್ರದೊಳಗೆ ಉಳಿಯುತ್ತದೆ ಎಂಬುದು ಸಂಚಯ ಬರೆದ ನಾಲ್ಕಾರು ಜನರ ಕೈಯಲ್ಲಿರುತ್ತದೆ.

ಆಕ್ಷೇಪ ನ್ಯಾಯವಾದದ್ದು, ಆದರೆ ಅದು ಪ್ರತ್ಯುದಾಹರಣೆಗಿಂತ ಹೆಚ್ಚಾಗಿ ನಕ್ಷತ್ರದ ಏಕರೂಪತೆಗೆ ತಗಲುತ್ತದೆ. ಅಣ್ಣಕ್ಕೆ ಮತ್ತು ಅಣ್ಣಂಗೆ ಎರಡಕ್ಕೂ ಒಂದೇ ಚಿಹ್ನೆ ಹಾಕುವುದೇ ಮೂಲದೋಷ. ನಮಗೆ ತಿಳಿದಂತೆ ಮೊದಲನೆಯದನ್ನು ಯಾವ ಕನ್ನಡವೂ ಹೇಳುವುದಿಲ್ಲ. ಎರಡನೆಯದನ್ನು ಕೆಲವು ಕನ್ನಡಗಳು ಹೇಳುತ್ತವೆ. ಆದ್ದರಿಂದ ಸಂಚಯದ ಪ್ರತಿ ಸಾಲಿನಲ್ಲೂ ಸರಿ, ತಪ್ಪು ಎಂಬೆರಡರ ಬದಲು ಯಾವ ಪ್ರಭೇದದಲ್ಲಿ ಸಾಧು ಎಂದು ಬರೆಯುವ ಒಂದು ಕಲಮು ಇರಬೇಕು: ಶಿಷ್ಟ ಬರಹ, ಹಳಗನ್ನಡ, ಧಾರವಾಡ, ಮಂಗಳೂರು, ಹವ್ಯಕ ಹೀಗೆ. ಯಾವ ಪ್ರಭೇದವೂ ನಮೂದಾಗದ ಸಾಲು ಮಾತ್ರ ಎಲ್ಲ ವ್ಯವಸ್ಥೆಗಳಿಗೂ ಪ್ರತ್ಯುದಾಹರಣೆ. ಉಳಿದ ಸಾಲುಗಳು, ಪರೀಕ್ಷೆಗೆ ಒಳಗಾದ ತಂತ್ರಾಂಶ ಯಾವ ಪ್ರಭೇದವನ್ನು ನಿರ್ವಹಿಸುತ್ತೇನೆಂದು ಹೇಳಿಕೊಂಡಿದೆಯೋ ಅದಕ್ಕೆ ತಕ್ಕಂತೆ ಉದಾಹರಣೆಯಾಗಿಯೋ ಪ್ರತ್ಯುದಾಹರಣೆಯಾಗಿಯೋ ಓಡುತ್ತವೆ. ಓಡಿಸುವುದು ಯಂತ್ರಕ್ಕೆ ಕ್ಷಣದ ಕೆಲಸ. ಆ ಕಲಮನ್ನು ತುಂಬಲು ಮಾತ್ರ ಒಂದೊಂದು ಪ್ರಭೇದದಿಂದ ಕನಿಷ್ಠ ಇಬ್ಬರು ಭಾಷಿಕರು ಬೇಕು. ಅವರಿಬ್ಬರೂ ಒಪ್ಪದ ಸಾಲುಗಳನ್ನು ಅಳಿಸದೆ, ಒಪ್ಪಲಿಲ್ಲವೆಂಬ ಗುರುತಿನೊಂದಿಗೇ ಇಡಬೇಕು.